ಮತದಾನದ ದಿನ ಊರಿನವರೇ ಸುದ್ದಿ ಬರೆಯುವಾಗ ಯಾವ ಎಚ್ಚರ ಬೇಕು?

ಪ್ರಶ್ನೆ: ಮೂಡಿಗೆರೆ ಓದುಗ

ಮಾನ್ಯರೇ, 2024ರ ಏಪ್ರಿಲ್ 26ರಂದು ಉಡುಪಿ-ಚಿಕ್ಕಮಗಳೂರು ಲೋಕಸಭಾ ಕ್ಷೇತ್ರದಲ್ಲಿ ಮತದಾನ ನಡೆದಾಗ ಮೂಡಿಗೆರೆ ತಾಲ್ಲೂಕಿನ ನಾವು ಹನ್ನೊಂದು ಮಂದಿ ವಾಟ್ಸಾಪ್ ಗುಂಪು ಮಾಡಿಕೊಂಡು ನಮ್ಮ ನಮ್ಮ ಮತಗಟ್ಟೆಯ ಸುದ್ದಿಯನ್ನು ಊರವರಿಗೆ ಮುಟ್ಟಿಸುವ ಕೆಲಸಕ್ಕೆ ಇಳಿದೆವು. ತಾಲ್ಲೂಕು ಕೇಂದ್ರದ ವರದಿಗಾರರು ತೋಟಗಳ ನಡುವಿನ ಶಾಲೆಗಳವರೆಗೆ ಬರುವುದು ಕಷ್ಟ. ಅವರನ್ನು ದೂರುತ್ತಿಲ್ಲ, ಒಬ್ಬರು ಎಷ್ಟು ಕಡೆ ಓಡಾಡಿಯಾರು?

ಬೆಳಿಗ್ಗೆ ಎಂಟರ ಸುಮಾರಿಗೆ ಒಂದು ಮತಗಟ್ಟೆಯಲ್ಲಿ ವಿವಿ ಪ್ಯಾಟ್, ಅಂದರೆ ಹಾಕಿದ ಮತವನ್ನು ಚೀಟಿಯಲ್ಲಿ ಮುದ್ರಿಸಿ ತೋರಿಸುವ ಯಂತ್ರ, ಕೆಟ್ಟಿತು. 'ಯಂತ್ರ ಕೆಟ್ಟಿದೆ, ಮತದಾನ ನಿಂತಿದೆ' ಎಂದು ನಮ್ಮವರೊಬ್ಬರು ಬರೆದರು. ಬರೆದ ಹೊತ್ತಿಗೆ ಅದು ನಿಜವೇ ಆಗಿತ್ತು. ಅರ್ಧ ಗಂಟೆಯಲ್ಲಿ ಬೇರೆ ಯಂತ್ರ ಬಂದು ಮತದಾನ ಮುಂದುವರಿಯಿತು. ಆದರೆ ನೆಟ್‌ವರ್ಕ್ ಸಿಗದ, ತೋಟದ ಕೂಲಿಯವರ ಲೈನ್ ಮನೆಗಳಿಗೆ ನಮ್ಮ ಆ ಮೊದಲ ಸಂದೇಶ ತಲುಪಿದ್ದು ಹತ್ತೂವರೆಗೆ, ಯಾರೋ ಗುಡ್ಡ ಹತ್ತಿ ಇಳಿದು ಬಂದ ಮೇಲೆ. ಜೀಪಿಗಾಗಿ ಕಾಯುತ್ತಿದ್ದ ಆರು ಮಂದಿ ಹೆಂಗಸರು ಅದನ್ನು ಕೇಳಿ ಹೊರಡಲೇ ಇಲ್ಲ, ಆ ದಿನ ಮತ ಹಾಕಲೂ ಇಲ್ಲ. ನಾವು ಸುಳ್ಳು ಬರೆಯಲಿಲ್ಲ, ಆದರೂ ಅವರ ಮತ ಹೋಯಿತು. ಇದು ನನ್ನನ್ನು ಇಂದಿಗೂ ಬಾಧಿಸುತ್ತಿದೆ. ಕೆನ್ಯಾದಂಥ ದೇಶಗಳಲ್ಲಿ ಜನರೇ ಚುನಾವಣೆಯ ಸುದ್ದಿಯನ್ನು ಒಟ್ಟುಮಾಡಿದರೆಂದು ಓದಿದ್ದೇನೆ. ಅವರು ಇದನ್ನು ಹೇಗೆ ನಿಭಾಯಿಸಿದರು, ನಮ್ಮ ಕಾನೂನು ಎಷ್ಟಕ್ಕೆ ಅವಕಾಶ ಕೊಡುತ್ತದೆ ಎಂಬುದನ್ನು ಬಲ್ಲವರು ತಿಳಿಸಬೇಕು.

ಉತ್ತರ: ಕಡೂರಿನ ವರದಿಗಾರ

ಕೆನ್ಯಾದಲ್ಲಿ 2007ರ ಡಿಸೆಂಬರ್ 27ರ ಚುನಾವಣೆಯ ಫಲಿತಾಂಶ ವಿವಾದಕ್ಕೊಳಗಾಗಿ, ಸಾವಿರಕ್ಕೂ ಹೆಚ್ಚು ಜನರ ಪ್ರಾಣ ತೆಗೆದ ಗಲಭೆ ಎದ್ದಾಗ, ಸರ್ಕಾರ ಸುದ್ದಿಯ ನೇರ ಪ್ರಸಾರವನ್ನು ನಿಷೇಧಿಸಿತು. ಆಗ ಓರಿ ಒಕೊಲೊ ಎಂಬ ವಕೀಲೆ ಮತ್ತು ಕೆಲವು ತಂತ್ರಜ್ಞರು 2008ರ ಜನವರಿಯಲ್ಲಿ 'ಉಶಾಹಿದಿ' ಎಂಬ ತಾಣವನ್ನು ಕಟ್ಟಿದರು. ಸ್ವಾಹಿಲಿಯಲ್ಲಿ ಆ ಮಾತಿಗೆ ಸಾಕ್ಷ್ಯ ಎಂದರ್ಥ. ಜನರು ಎಸ್ಸೆಮ್ಮೆಸ್ ಮೂಲಕ ಕಳುಹಿಸಿದ ಸುದ್ದಿಯನ್ನು ನಕ್ಷೆಯ ಮೇಲೆ ಗುರುತಿಸಿ, ಯಾವುದು ದೃಢಪಟ್ಟಿದೆ, ಯಾವುದು ಇನ್ನೂ ದೃಢಪಟ್ಟಿಲ್ಲ ಎಂಬುದನ್ನು ಬೇರೆಬೇರೆಯಾಗಿ ತೋರಿಸುವ ಕ್ರಮ ಅದರಲ್ಲಿ ಬೆಳೆಯಿತು. ಎಲ್ಲಿ, ಯಾವಾಗ, ಕಂಡವರು ಯಾರು ಎಂಬ ಮೂರೂ ಇಲ್ಲದ ಸುದ್ದಿ ಸಾಕ್ಷ್ಯವಾಗುವುದಿಲ್ಲ. ನಿಮ್ಮ ಸಂದೇಶದಲ್ಲಿ 'ಯಾವಾಗ' ಇರಲಿಲ್ಲ, '8.10ಕ್ಕೆ ನಿಂತಿದೆ, ಮುಂದಿನ ಸುದ್ದಿ 8.40ಕ್ಕೆ' ಎಂದಿದ್ದರೆ ಹತ್ತೂವರೆಗೆ ಓದಿದವರು ಮತ್ತೊಮ್ಮೆ ವಿಚಾರಿಸುತ್ತಿದ್ದರು.

ಜಿಂಬಾಬ್ವೆಯ ಉದಾಹರಣೆ ನನಗೆ ಇನ್ನೂ ದೊಡ್ಡದಾಗಿ ಕಾಣುತ್ತದೆ. 2008ರ ಮಾರ್ಚ್ 29ರ ಚುನಾವಣೆಯಲ್ಲಿ ಪ್ರತಿ ಮತಗಟ್ಟೆಯ ಎಣಿಕೆಯ ಹಾಳೆಯನ್ನು ಬಾಗಿಲ ಹೊರಗೆ ಅಂಟಿಸಬೇಕೆಂಬ ನಿಯಮವಿತ್ತು. ಜನರು ಅದನ್ನು ಮೊಬೈಲಿನಲ್ಲಿ ಚಿತ್ರ ತೆಗೆದು ಕಳುಹಿಸಿದರು. ಅಧ್ಯಕ್ಷ ಸ್ಥಾನದ ಅಧಿಕೃತ ಫಲಿತಾಂಶ ಹೊರಬಿದ್ದದ್ದು ಮೇ 2ರಂದು. ಅಷ್ಟೂ ದಿನ ಲೆಕ್ಕ ಜನರ ಕೈಯಲ್ಲೇ ಇತ್ತು.

ಉತ್ತರ: ಅರಸೀಕೆರೆಯ ನಿವೃತ್ತ ಶಿಕ್ಷಕ

ಹಲವು ಚುನಾವಣೆಗಳಲ್ಲಿ ಮತಗಟ್ಟೆಯ ಅಧ್ಯಕ್ಷಾಧಿಕಾರಿಯಾಗಿ ಕೆಲಸ ಮಾಡಿದವನಾದ್ದರಿಂದ ಕಾನೂನಿನ ಕಡೆಯ ಮಾತನ್ನು ಹೇಳುತ್ತೇನೆ. ನಮ್ಮಲ್ಲಿ ಎಣಿಕೆ ಮತಗಟ್ಟೆಯಲ್ಲಿ ನಡೆಯುವುದಿಲ್ಲ, ಬಾಗಿಲಿಗೆ ಹಾಳೆ ಅಂಟಿಸುವ ಕ್ರಮವೂ ಇಲ್ಲ. ಆದರೆ ಮತದಾನ ಮುಗಿದ ಮೇಲೆ ಎಷ್ಟು ಮತ ಬಿದ್ದಿದೆಯೆಂದು ನಮೂನೆ 17ಸಿಯಲ್ಲಿ ಬರೆದು, ಅದರ ದೃಢೀಕೃತ ಪ್ರತಿಯನ್ನು ಅಭ್ಯರ್ಥಿಗಳ ಪರವಾಗಿ ಹಾಜರಿರುವ ಪ್ರತಿಯೊಬ್ಬ ಏಜೆಂಟರಿಗೂ ಕೊಡಬೇಕು. ಈ ನಮೂನೆಗಳನ್ನು ಜಾಲತಾಣದಲ್ಲಿ ಪ್ರಕಟಿಸಬೇಕೆಂಬ ಕೋರಿಕೆಯ ಮೇಲೆ ಮಧ್ಯಂತರ ಆದೇಶ ನೀಡಲು ಸುಪ್ರೀಂ ಕೋರ್ಟ್ 2024ರ ಮೇ 24ರಂದು ಒಪ್ಪಲಿಲ್ಲ. ಆದ್ದರಿಂದ ಊರಿನ ಏಜೆಂಟರ ಪರಿಚಯ ಇರುವ ನಿಮ್ಮಂಥವರು, ಅವರು ಯಾವ ಪಕ್ಷದವರೇ ಆಗಿರಲಿ, ಆ ಪ್ರತಿಯಲ್ಲಿನ ಸಂಖ್ಯೆಯನ್ನು ಕೇಳಿ ಬರೆದಿಟ್ಟುಕೊಂಡರೆ ಅದಕ್ಕಿಂತ ಗಟ್ಟಿಯಾದ ವರದಿ ಬೇರೊಂದಿಲ್ಲ ಎಂದು ನಾನು ನಂಬಿದ್ದೇನೆ.

ಮತಗಟ್ಟೆಯ 100 ಮೀಟರ್ ಒಳಗೆ ಮೊಬೈಲ್ ಬಳಕೆ ಬೇಡ. ಚುನಾವಣಾ ಆಯೋಗದ ಅನುಮತಿ ಪತ್ರ ಇರುವ ಪತ್ರಕರ್ತರಿಗೆ ಮಾತ್ರ ಒಳಗೆ ಪ್ರವೇಶವುಂಟು, ಅವರೂ ಮತದ ಗೋಪ್ಯತೆಯನ್ನು ಕೆಡಿಸುವಂತಿಲ್ಲ. ಮತ ಹಾಕಿ ಬಂದವರನ್ನು 'ಯಾರಿಗೆ ಹಾಕಿದಿರಿ' ಎಂದು ಕೇಳಿ ಲೆಕ್ಕ ಪ್ರಕಟಿಸುವುದಕ್ಕೆ ಜನಪ್ರಾತಿನಿಧ್ಯ ಕಾಯ್ದೆಯ 126ಎ ಕಲಮಿನ ನಿಷೇಧವಿದೆ. ಹಣ, ಹೆಂಡ ಹಂಚುವುದು ಕಂಡರೆ ಗುಂಪಿನಲ್ಲಿ ಹಾಕುವ ಮೊದಲು ಆಯೋಗದ ಸಿ-ವಿಜಿಲ್ ಆ್ಯಪಿನಲ್ಲಿ ದೂರು ಕೊಡಿ; ಸ್ಥಳವನ್ನು ಅದು ತಾನೇ ದಾಖಲಿಸುತ್ತದೆ, 100 ನಿಮಿಷದೊಳಗೆ ಕ್ರಮವಾಗಬೇಕು.

ಇನ್ನು ನಿಮ್ಮ ಯಂತ್ರದ ವಿಷಯ. ವಿವಿ ಪ್ಯಾಟ್ ಮಾತ್ರ ಕೆಟ್ಟರೆ ಅದೊಂದನ್ನೇ ಬದಲಿಸುತ್ತಾರೆ, ಯಂತ್ರವನ್ನು ಪರೀಕ್ಷಿಸುವ ಅಣಕು ಮತದಾನದ ಅಗತ್ಯವಿಲ್ಲ. ಅಧಿಕಾರಿಯ ಬಳಿ ಇರುವ ಕಂಟ್ರೋಲ್ ಯೂನಿಟ್ ಅಥವಾ ಮತದಾರರು ಗುಂಡಿ ಒತ್ತುವ ಬ್ಯಾಲೆಟ್ ಯೂನಿಟ್ ಕೆಟ್ಟರೆ ಇಡೀ ಸೆಟ್ ಬದಲಿಸಿ, ನೋಟಾ ಸೇರಿದಂತೆ ಪ್ರತಿ ಅಭ್ಯರ್ಥಿಗೂ ಒಂದೊಂದು ಅಣಕು ಮತ ಹಾಕಿಸಬೇಕಾದ್ದರಿಂದ ಹೆಚ್ಚು ಹೊತ್ತು ಹಿಡಿಯುತ್ತದೆ. 'ಯಂತ್ರ' ಎನ್ನುವ ಬದಲು ಯಾವುದು ಕೆಟ್ಟಿತೆಂದು ಬರೆದರೆ ಓದುವವರಿಗೆ ಅಂದಾಜು ಸಿಗುತ್ತದೆ. ಸಂಜೆ 6ಕ್ಕೆ ಸಾಲಿನಲ್ಲಿ ನಿಂತವರಿಗೆಲ್ಲ ಕೊನೆಯವರಿಂದ ಆರಂಭಿಸಿ ಚೀಟಿ ಕೊಟ್ಟು ಮತ ಹಾಕಿಸುತ್ತಾರೆ ಎಂಬುದನ್ನೂ ಜೊತೆಗೇ ತಿಳಿಸಿ.

ಉತ್ತರ: ಸಕಲೇಶಪುರದ ಸ್ವಸಹಾಯ ಸಂಘದ ಸದಸ್ಯೆ

ಮೇಷ್ಟ್ರು ಹೇಳಿದ್ದೆಲ್ಲ ಸರಿ, ಆದರೆ ಲೈನ್ ಮನೆಯ ಎಷ್ಟೋ ಹೆಂಗಸರು ಕನ್ನಡ ಓದಲಾರರು. ಮನೆಯಲ್ಲಿ ತುಳು, ತಮಿಳು ಆಡುವವರಿದ್ದಾರೆ. ಛತ್ತೀಸಗಢದಲ್ಲಿ 2010ರಲ್ಲಿ ಆರಂಭವಾದ ಸಿಜಿನೆಟ್ ಸ್ವರದಲ್ಲಿ ಜನರು ಸಾಮಾನ್ಯ ಫೋನಿನಿಂದಲೇ ಗೊಂಡಿ, ಹಿಂದಿ ಭಾಷೆಗಳಲ್ಲಿ ಸುದ್ದಿ ಹೇಳುತ್ತಾರೆ, ಅದನ್ನು ಪರಿಶೀಲಿಸಿದ ಮೇಲೆ ಇತರರು ಕರೆ ಮಾಡಿ ಕೇಳುತ್ತಾರೆ. ನಮಗೂ ಬರಹಕ್ಕಿಂತ ದನಿಯೇ ಸೂಕ್ತ. ಪ್ರತಿ ಲೈನಿಗೆ ಒಬ್ಬರನ್ನು ಗೊತ್ತುಮಾಡಿ, ನೆಟ್‌ವರ್ಕ್ ಸಿಗುವ ಜಾಗದಲ್ಲಿ ಇರಲು ತಿಳಿಸಿ, ಅವರಿಗೆ ಕರೆ ಮಾಡಿ ಹೇಳಿ.

ಇನ್ನೊಂದು ವಿಷಯವನ್ನು ಯಾರೂ ಎತ್ತಲಿಲ್ಲ. ಮತದಾನದ ದಿನ ದಿನಗೂಲಿಯವರಿಗೂ ಸಂಬಳ ಸಹಿತ ರಜೆ ಕೊಡಬೇಕೆಂದು ಅದೇ ಕಾಯ್ದೆಯ 135ಬಿ ಕಲಂ ಹೇಳುತ್ತದೆ. ಆ ದಿನದ ಕೂಲಿ ಸಿಕ್ಕಿತೇ ಎಂದು ಮರುದಿನ ಹೋಗಿ ಕೇಳಿ ಬರೆಯುವುದೂ ಚುನಾವಣೆಯ ವರದಿಯೇ. ಕೇಳುವಾಗ ಅವರ ಹೆಸರು, ಚಿತ್ರ ಹಾಕಬೇಡಿ. ಅವರು ನಾಳೆಯೂ ಅದೇ ತೋಟದಲ್ಲಿ ಕೆಲಸ ಮಾಡಬೇಕು.

ಮೂಡಿಗೆರೆ ಓದುಗ

ಮೂವರಿಗೂ ಕೃತಜ್ಞತೆಗಳು. ಕೂಲಿಯ ವಿಷಯ ನಮಗೆ ಹೊಳೆದೇ ಇರಲಿಲ್ಲ. ಆ ಆರು ಮಂದಿಯನ್ನು ಈ ವಾರವೇ ಕಂಡು ಕೇಳುತ್ತೇನೆ, ಕ್ಷಮೆಯನ್ನೂ ಕೋರಬೇಕಿದೆ. ಅರಸೀಕೆರೆಯ ಮೇಷ್ಟ್ರು ಒಪ್ಪುವುದಾದರೆ ಒಂದು ಭಾನುವಾರ ಮೂಡಿಗೆರೆಗೆ ಬಂದು 17ಸಿ ಓದುವ ಬಗೆಯನ್ನು ನಮ್ಮವರಿಗೆ ಹೇಳಿಕೊಡಬೇಕೆಂದು ವಿನಂತಿಸುತ್ತೇನೆ.