'ಎಪ್ಪತ್ತೆರಡರ ಬರ ನೀ ನೋಡಿಲ್ಲ' ಅನ್ನುವ ಕಾಕಾಗೆ ಏನು ಹೇಳಲಿ?

ಟಿಕೋಟಾ ದ್ರಾಕ್ಷಿ:
ನಮ್ಮದು ಟಿಕೋಟಾ ಹತ್ತಿರ ಮೂರು ಎಕರೆ ದ್ರಾಕ್ಷಿ. ಮಾರ್ಚ್‌ನಲ್ಲಿ ಒಣದ್ರಾಕ್ಷಿ ಶೆಡ್‌ನಲ್ಲಿ ಹಣ್ಣು ಹರವಿ ಆರು ದಿನ ಆಗಿತ್ತು, ಸಂಜೆ ಗಾಳಿ ಸಮೇತ ಅಡ್ಡಮಳೆ ಬಂತು, ತಾಡಪತ್ರಿ ಹಾರಿ ಅಂಚಿನ ಹಣ್ಣೆಲ್ಲ ನೆನೆದು ಕಪ್ಪಾಯಿತು. ಹವಾಮಾನ ಬದಲಾಗುತ್ತಿದೆ ಕಾಕಾ ಅಂದೆ, ಅಷ್ಟೇ. "ಎಪ್ಪತ್ತೆರಡರ ಬರ ನೀ ನೋಡಿಲ್ಲ ತಮ್ಮಾ, ಆವಾಗ ಯಾವ ಕಾರ್ಬನ್ ಇತ್ತು?" ಅಂದರು. ಅದಕ್ಕೆ ಉತ್ತರ ಹುಡುಕಿಕೊಂಡು ಬಂದರೆ ಮರುದಿನ ಮಾತೇ ಬೇರೆ: "ಬಿಸಲು ಜಾಸ್ತಿ ಆಗೇದ ಖರೆ, ಆದ್ರ ಅದು ಸೂರ್ಯನ ಆಟ." ಈಗ ಅದೂ ಹೋಗಿ "ನಾವೇನ್ ಮಾಡೂದದ, ಆಗೂದು ಆಗ್ತದ." ಮೂರು ಮಾತೂ ಒಂದಕ್ಕೊಂದು ಕೂಡುವುದಿಲ್ಲ, ಅಲ್ವಾ? ಆದರೂ ಪ್ರತಿ ಸಲ ಸೋತವನು ನಾನೇ ಅನಿಸುತ್ತದೆ. ಯಾಕೆ?

ನಿಪ್ಪಾಣಿಯವ:
ನಮ್ಮದು ತಂಬಾಕಿನ ಊರು, ಈ ಧಾಟಿ ಚೆನ್ನಾಗಿ ಗೊತ್ತು. "ನಮ್ಮಜ್ಜ ದಿನಾ ಒಂದು ಕಟ್ಟು ಬೀಡಿ ಸೇದಿ ತೊಂಬತ್ತು ವರ್ಷ ಬದುಕಿದ" ಅನ್ನುವವರು ಇಲ್ಲದ ಚಹಾದಂಗಡಿ ಇಲ್ಲಿಲ್ಲ. ಅಜ್ಜ ಬದುಕಿದ್ದು ನಿಜ, ಬರ ಬಂದಿದ್ದೂ ನಿಜ. ಅದರಿಂದ ಬೀಡಿಗೆ ಮಾಫಿ ಸಿಗುತ್ತದೆಯೇ?
ಅಮೆರಿಕದ ಒಂದು ಸಿಗರೇಟ್ ಕಂಪನಿಯ 1969ರ ಒಳಗಿನ ಟಿಪ್ಪಣಿಯಲ್ಲಿ ಅನುಮಾನವೇ ನಮ್ಮ ಸರಕು ಅಂತಲೇ ಬರೆದಿತ್ತು. ಸಿಗರೇಟು ಒಳ್ಳೆಯದು ಅಂತ ನಂಬಿಸುವ ಗೋಜೇ ಬೇಡ, 'ಇನ್ನೂ ಪಕ್ಕಾ ಆಗಿಲ್ಲ' ಅಂತ ಜನ ಅಂದುಕೊಂಡರೆ ಸಾಕು, ವ್ಯಾಪಾರ ನಡೆಯುತ್ತದೆ. 2002ರಲ್ಲಿ ಫ್ರಾಂಕ್ ಲಂಟ್ಜ್ ಅನ್ನುವ ಸಲಹೆಗಾರ ಅಲ್ಲಿನ ರಿಪಬ್ಲಿಕನ್ ಪಕ್ಷದವರಿಗೂ ಇದನ್ನೇ ಬರೆದುಕೊಟ್ಟ: 'ಭೂಮಿ ಬಿಸಿಯಾಗುತ್ತಿದೆ' ಅಂದರೆ ಜನ ಹೆದರುತ್ತಾರೆ, 'ಹವಾಮಾನ ಬದಲಾವಣೆ' ಅನ್ನಿ, ವಿಜ್ಞಾನಿಗಳಲ್ಲಿ ಇನ್ನೂ ಖಚಿತತೆ ಇಲ್ಲ ಅನ್ನುವುದನ್ನು ಮಾತ್ರ ಬಿಡಬೇಡಿ. (ಆ ಹೆಸರು ವಿಜ್ಞಾನಿಗಳಲ್ಲಿ ಮೊದಲೇ ಇತ್ತು. 'ಬಿಸಿ ಆಗಲಿಲ್ಲ ಅಂತ ಹೆಸರು ಬದಲಿಸಿದರು' ಅಂತ ವಾಟ್ಸಾಪ್‌ನಲ್ಲಿ ಬಂದರೆ ನಕ್ಕುಬಿಡಿ.)
ನಿಮ್ಮ ಕಾಕಾ ಇದನ್ನೆಲ್ಲ ಓದಿಲ್ಲ. ಆದರೆ ಆ ಸರಕು ಅವರ ಫೋನಿಗೂ ಬಂದು ಮುಟ್ಟಿದೆ. ನೀವು ಸಾಬೀತು ಮಾಡಬೇಕು, ಅವರು 'ಇರಲಿ ಬಿಡು' ಅಂದರೆ ಮುಗಿಯಿತು.

ಬಾಗಲಕೋಟೆ ಮಾಸ್ತರ:
ನಿಮ್ಮದೂ ಒಂದು ತಪ್ಪಿದೆ. ಒಂದು ಅಡ್ಡಮಳೆ ತೋರಿಸಿ ಹವಾಮಾನ ಬದಲಾಗಿದೆ ಅಂದರೆ ಕಾಕಾ ಒಂದು ಬರ ತೋರಿಸುತ್ತಾರೆ. 2015ರಲ್ಲಿ ಜೇಮ್ಸ್ ಇನ್‌ಹೋಫ್ ಅನ್ನುವ ಸೆನೆಟರ್ ಅಮೆರಿಕದ ಸೆನೆಟ್‌ಗೆ ಹಿಮದ ಉಂಡೆಯನ್ನೇ ಹಿಡಿದುಕೊಂಡು ಬಂದಿದ್ದ, ಹೊರಗೆ ಚಳಿ ನೋಡಿ ಅಂತ. ಲೆಕ್ಕ ಹಿಡಿಯಿರಿ. ಕಾರ್ಖಾನೆಗಳ ಕಾಲಕ್ಕೂ ಮೊದಲು ಗಾಳಿಯ ಹತ್ತು ಲಕ್ಷ ಕಣದಲ್ಲಿ ಸುಮಾರು 280 ಇಂಗಾಲದ ಡೈಆಕ್ಸೈಡ್ ಇತ್ತು, ಈಗ 420 ದಾಟಿದೆ. ಸೂರ್ಯನ ಆಟ ಆಗಿದ್ದರೆ ವಾತಾವರಣದ ಮೇಲಿನ ಪದರವೂ ಬಿಸಿಯಾಗಬೇಕಿತ್ತು. ಕೆಳಗೆ ಬಿಸಿಯಾಗಿ ಮೇಲೆ ತಣ್ಣಗಾಗಿದೆ.

ಘಟಪ್ರಭಾ ದಂಡೆ:
ಮಾಸ್ತರ ಹೇಳಿದ್ದು ಸರಿ, ಆದರೆ ಮೂರನೇ ಮಾತನ್ನು ಅದೇ ಸಾಲಿಗೆ ಸೇರಿಸಬೇಡಿ. ಸರಾಸರಿ ಅಮೆರಿಕದವನು ವರ್ಷಕ್ಕೆ ಸುಮಾರು 14 ಟನ್ ಇಂಗಾಲದ ಡೈಆಕ್ಸೈಡ್ ಬಿಡುತ್ತಾನೆ, ನಮ್ಮವನು ಸುಮಾರು 2. 'ನಾವೇನ್ ಮಾಡೂದದ' ಅನ್ನುವ ರೈತ ಸುಳ್ಳು ಹೇಳುತ್ತಿಲ್ಲ. ನನಗೆ ಸಿಟ್ಟು ಬರುವುದು ಬೇರೆ ಮಾತಿಗೆ. 2019ರ ಆಗಸ್ಟ್‌ನಲ್ಲಿ ನಮ್ಮ ಮನೆಯೊಳಗೆ ಎದೆಮಟ್ಟ ನೀರು. ಇಳಿದ ಮೇಲೆ ಜೋಳದ ಚೀಲದಲ್ಲಿ ಮೊಳಕೆ ಬಂದು ನಾರುತ್ತಿತ್ತು. ಬಂದವರೆಲ್ಲ 'ಪ್ರಕೃತಿ ವಿಕೋಪ' ಅಂದು ಹೋದರು. ಆ ಎರಡು ಪದದಲ್ಲಿ ಮಾಡಿದವರು ಯಾರೂ ಇಲ್ಲ ನೋಡಿ, ಹೊಗೆ ಬಿಟ್ಟವರೂ ಇಲ್ಲ, ಹೊಳೆಯ ಪಾತ್ರ ಒತ್ತುವರಿ ಮಾಡಿದವರೂ ಇಲ್ಲ.

ಟಿಕೋಟಾ ದ್ರಾಕ್ಷಿ:
ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ವಾದ ಮಾಡಲಿಲ್ಲ, ಮೂರರಲ್ಲಿ ನಿಮ್ಮ ಮಾತು ಯಾವುದು ಕಾಕಾ ಅಂತ ಸುಮ್ನೆ ಕೇಳಿದೆ. ಎಲೆ ಅಡಿಕೆ ಅಗಿಯುತ್ತಾ ಸ್ವಲ್ಪ ಹೊತ್ತು ಕೂತರು. ಆಮೇಲೆ "ಚಾಟನಿ ಯಾವಾಗ ಮಾಡೂಣು, ಅದನ್ನ ಹೇಳು ಮೊದ್ಲ" ಅಂದರು. (ಚಾಟನಿ ಅಂದರೆ ದ್ರಾಕ್ಷಿ ಬಳ್ಳಿ ಕತ್ತರಿಸುವ ಕೆಲಸ.)