ಇನ್‌ಸ್ಟಾ ಪಾಸ್‌ವರ್ಡ್ ಎರಡು ಸಲ ಬದಲಾಯಿಸಿದೆ, ಆದ್ರೂ ಅಕೌಂಟ್ ಮತ್ತೆ ಕೈ ತಪ್ಪಿ ಹೋಯ್ತು. ಏನು ಮಾಡಲಿ?

ರೋಣದ ಹುಡುಗ

ಎಲ್ಲರಿಗೂ ನಮಸ್ಕಾರ. ಊರು ರೋಣ, ಈಗ ಧಾರವಾಡದ ಸಪ್ತಾಪುರದಲ್ಲಿ ರೂಮ್ ಮಾಡಿಕೊಂಡು ಕೆಪಿಎಸ್‌ಸಿಗೆ ಓದುತ್ತಿದ್ದೇನೆ. ಮೂರು ವಾರದ ಹಿಂದೆ ಹಾಲ್ ಟಿಕೆಟ್ ಪ್ರಿಂಟ್ ತೆಗೆಸಲು ಒಂದು ಝೆರಾಕ್ಸ್ ಅಂಗಡಿಗೆ ಹೋಗಿದ್ದೆ. ಹಿಂದೆ ಹತ್ತು ಮಂದಿ ನಿಂತಿದ್ದರು, ಅವಸರದಲ್ಲಿ ಅಲ್ಲಿನ ಕಂಪ್ಯೂಟರಿನಲ್ಲೇ ಜಿಮೇಲ್ ತೆರೆದೆ. ಪಾಸ್‌ವರ್ಡ್ ಸೇವ್ ಮಾಡಲಾ ಅಂತ ಏನೋ ಕೇಳಿತು, ಒತ್ತಿದೆ ಅನ್ನಿಸುತ್ತದೆ. ಪ್ರಿಂಟ್ ಕೈಗೆ ಬರೋ ಹೊತ್ತಿಗೆ ಕರೆಂಟ್ ಹೋಯಿತು. ಕಂಪ್ಯೂಟರೇ ಬಂದ್ ಆಯ್ತಲ್ಲ, ಇನ್ನೇನು ಲಾಗೌಟ್ ಅಂತ ದುಡ್ಡು ಕೊಟ್ಟು ಬಂದೆ.

ಮುಂದಿನ ವಾರ ನನ್ನ ಇನ್‌ಸ್ಟಾದಿಂದ ಗೆಳೆಯರಿಗೆಲ್ಲ ಮೆಸೇಜ್. ‘ಅವ್ವಗೆ ಆರಾಮಿಲ್ಲ, ಅರ್ಜೆಂಟ್ 2 ಸಾವಿರ ಹಾಕು’ ಅಂತ. ಒಬ್ಬ ಪಾಪ ಹಾಕಿಯೂ ಬಿಟ್ಟ. ಊರಲ್ಲಿ ಮಂದಿ ಸೀದಾ ಮನೆಗೇ ಬಂದು ಅವ್ವನನ್ನು ‘ಈಗ ಹೆಂಗಿದ್ದೀರಿ?’ ಅಂತ ಕೇಳಿದ್ದಾರೆ. ನಾನು ಮೊಬೈಲ್‌ಗೆ ಓಟಿಪಿ ತರಿಸಿಕೊಂಡು ಪಾಸ್‌ವರ್ಡ್ ಬದಲಾಯಿಸಿದೆ. ಎರಡು ದಿನಕ್ಕೆ ಮತ್ತೆ ಹೋಯಿತು. ಮತ್ತೆ ಬದಲಾಯಿಸಿದೆ, ಮತ್ತೆ ಹೋಯಿತು. ಜಿಮೇಲ್‌ಗೆ ಏನೂ ಆಗಿಲ್ಲ, ಮಾಮೂಲಿಯಂತೆ ತೆರೆಯುತ್ತಿದೆ. ಇವನು ಎಲ್ಲಿಂದ ಬರುತ್ತಿದ್ದಾನೆ?

ವಿದ್ಯಾನಗರ ಹುಬ್ಬಳ್ಳಿ

ತಮ್ಮಾ, ಇನ್‌ಸ್ಟಾ ಆಮೇಲೆ ನೋಡು, ಮೊದಲು ಜಿಮೇಲ್ ನೋಡು. ಅದಕ್ಕೆ ಏನೂ ಆಗಿಲ್ಲ ಅಂತ ನಿನಗೆ ಅನ್ನಿಸುತ್ತಿದೆ ಅಷ್ಟೇ. ‘ಪಾಸ್‌ವರ್ಡ್ ಮರೆತಿದ್ದೇನೆ’ ಅಂತ ಒತ್ತಿದರೆ ಹೊಸ ಪಾಸ್‌ವರ್ಡ್ ಇಡುವ ಲಿಂಕ್ ಮೇಲ್‌ಗೇ ಬರುತ್ತದೆ ಅಲ್ವಾ? ಅವನು ನಿನ್ನ ಮೇಲ್ ಒಳಗೆ ಕೂತಿದ್ದರೆ ನೀನು ಇನ್‌ಸ್ಟಾ ಪಾಸ್‌ವರ್ಡ್ ನೂರು ಸಲ ಬದಲಾಯಿಸು, ಅವನು ನೂರಾ ಒಂದನೇ ಸಲ ಬದಲಾಯಿಸುತ್ತಾನೆ. ಜಿಮೇಲನ್ನು ಮುಟ್ಟದೆ ಬಿಟ್ಟಿದ್ದು ಅವನಿಗೆ ಅದು ಬೇಕು ಅಂತಲೇ. ಅದನ್ನೂ ಕಿತ್ತುಕೊಂಡರೆ ನೀನು ಎಚ್ಚರ ಆಗಿಬಿಡುತ್ತೀಯ.

ಗೂಗಲ್ ಅಕೌಂಟಿನಲ್ಲಿ ಸೆಕ್ಯುರಿಟಿ ಅಂತ ಇದೆ, ಅಲ್ಲಿ ‘ಯುವರ್ ಡಿವೈಸಸ್’ ನೋಡು. ನಿನ್ನದಲ್ಲದ ಕಂಪ್ಯೂಟರ್ ಕಂಡರೆ ಸೈನ್‌ಔಟ್ ಮಾಡು, ಆಮೇಲೆ ಪಾಸ್‌ವರ್ಡ್ ಬದಲಾಯಿಸು. ಇಷ್ಟಕ್ಕೇ ಬಿಡಬೇಡ. ರಿಕವರಿ ನಂಬರ್, ರಿಕವರಿ ಮೇಲ್ ನಿನ್ನದೇನಾ ನೋಡು. ಇನ್ನೊಂದು ಜಾಗ ಇದೆ, ಜಾಸ್ತಿ ಜನ ಆ ಕಡೆ ಹೋಗೋದೇ ಇಲ್ಲ. ಜಿಮೇಲ್ ಸೆಟ್ಟಿಂಗ್ಸ್‌ನಲ್ಲಿ ‘ಫಿಲ್ಟರ್ಸ್’ (ಬಂದ ಮೇಲ್ ತಾನಾಗಿಯೇ ಎಲ್ಲಿಗೆ ಹೋಗಬೇಕು ಅನ್ನೋ ನಿಯಮ) ಮತ್ತು ‘ಫಾರ್ವರ್ಡಿಂಗ್’ (ನಿನ್ನ ಮೇಲ್ ಇನ್ನೊಬ್ಬರ ಮೇಲ್‌ಗೂ ಹೋಗೋದು). ಮೊಬೈಲ್ ಆ್ಯಪ್‌ನಲ್ಲಿ ಇದು ಸಿಗಲ್ಲ, ಲ್ಯಾಪ್‌ಟಾಪ್ ಬೇಕು (ದಯವಿಟ್ಟು ಅದೇ ಅಂಗಡಿಗೆ ಹೋಗಬೇಡ). ಪಾಸ್‌ವರ್ಡ್ ಬದಲಾಯಿಸಿದರೂ ಇವು ಹಾಗೇ ಉಳಿಯುತ್ತವೆ.

ರೋಣದ ಹುಡುಗ

ಅಣ್ಣಾರೇ, ಸಿಕ್ತು! ರೂಮ್‌ಮೇಟ್ ಲ್ಯಾಪ್‌ಟಾಪಿನಲ್ಲಿ ನೋಡಿದೆ. ಇನ್‌ಸ್ಟಾಗ್ರಾಂನಿಂದ ಬಂದ ಮೇಲ್ ಎಲ್ಲ ಸೀದಾ ಟ್ರ್ಯಾಶ್‌ಗೆ ಹೋಗುವಂತೆ ಒಂದು ಫಿಲ್ಟರ್ ಇತ್ತು. ಟ್ರ್ಯಾಶ್ ತೆರೆದರೆ ‘ನಿಮ್ಮ ಪಾಸ್‌ವರ್ಡ್ ಬದಲಾಗಿದೆ’ ಅನ್ನೋ ಮೇಲ್‌ಗಳು ಸಾಲಾಗಿ ಬಿದ್ದಿವೆ. ಡಿವೈಸ್ ಪಟ್ಟಿಯಲ್ಲಿ ನನ್ನದಲ್ಲದ ಒಂದು ವಿಂಡೋಸ್ ಕಂಪ್ಯೂಟರ್ ಇತ್ತು, ತೆಗೆದೆ. ರಿಕವರಿ ನಂಬರ್ ಅಪ್ಪನ ಹಳೇ ನಂಬರ್. ಅದು ಬಂದ್ ಆಗಿ ವರ್ಷ ಆಯಿತು, ಇದ್ದರೆ ಇರಲಿ ಅಲ್ವಾ?

ವಿದ್ಯಾನಗರ ಹುಬ್ಬಳ್ಳಿ

ಇರಬಾರದು! ಬಂದ್ ಆದ ನಂಬರನ್ನು 90 ದಿನ ಆದ ಮೇಲೆ ಕಂಪನಿಯವರು ಬೇರೆಯವರಿಗೆ ಕೊಡಬಹುದು. ನಿನ್ನ ಓಟಿಪಿ ಯಾರದೋ ಮನೆಗೆ ಹೋಗುತ್ತದೆ. ಈಗಲೇ ನಿನ್ನ ನಂಬರ್ ಹಾಕು. ಬ್ಯಾಂಕಿನಲ್ಲೂ ಆ ನಂಬರ್ ಇದೆಯಾ ಅಂತ ಅಪ್ಪನನ್ನು ಕೇಳು.

ಟು-ಸ್ಟೆಪ್ (ಪಾಸ್‌ವರ್ಡ್ ಆದ ಮೇಲೆ ಇನ್ನೊಂದು ಗುರುತು ಕೇಳೋದು) ಆನ್ ಮಾಡಿ, ಮೊಬೈಲ್ ಕೈಯಲ್ಲಿ ಇಲ್ಲದಾಗ ಒಳಗೆ ಹೋಗಲು ಬ್ಯಾಕಪ್ ಕೋಡ್ ತೆಗೆದುಕೋ. ಗೂಗಲ್ 10 ಕೋಡ್ ಕೊಡುತ್ತದೆ, ಒಂದೊಂದು 8 ಅಂಕಿ, ಒಂದು ಸಲಕ್ಕೆ ಒಂದು. ಹಾಳೆಯ ಮೇಲೆ ಬರೆದು ಮಾರ್ಕ್ಸ್ ಕಾರ್ಡ್ ಜೊತೆ ಇಡು. ಅದನ್ನೇ ಫೋಟೋ ಹೊಡೆದು ಮೊಬೈಲಿನಲ್ಲಿ ಇಡೋರಿದ್ದಾರೆ. ಮೊಬೈಲೇ ಕಳೆದರೆ ಏನು ಮಾಡ್ತಾರೋ ಗೊತ್ತಿಲ್ಲ. ಇಷ್ಟೆಲ್ಲ ಆದ ಮೇಲೆ ಇನ್‌ಸ್ಟಾ ಪಾಸ್‌ವರ್ಡ್ ಬದಲಾಯಿಸು, ಅಲ್ಲೂ ಟು-ಸ್ಟೆಪ್ ಹಾಕು. ಜಿಮೇಲ್‌ದೇ ಪಾಸ್‌ವರ್ಡ್ ಅಲ್ಲಿಗೂ ಇಡಬೇಡ.

ಗದಗ ಝೆರಾಕ್ಸ್

ನಾನೇ ಝೆರಾಕ್ಸ್ ಅಂಗಡಿ ಇಟ್ಟವನು, ಅದಕ್ಕೆ ಬರೆಯುತ್ತಿದ್ದೇನೆ. ಅಂಗಡಿಯವರದೇ ಕೆಲಸ ಅಂತ ಹೇಳೋಕಾಗಲ್ಲ ತಮ್ಮಾ, ನಿನ್ನ ನಂತರ ಆ ಕುರ್ಚಿಯಲ್ಲಿ ಎಷ್ಟು ಮಂದಿ ಕೂತರೋ. ಆದರೆ ಒಂದು ಮಾತು ನಿಜ. ಕರೆಂಟ್ ಹೋಗಿ ಕಂಪ್ಯೂಟರ್ ಬಂದ್ ಆದರೆ ಲಾಗೌಟ್ ಆಗಲ್ಲ. ಮತ್ತೆ ಆನ್ ಮಾಡಿ ಕ್ರೋಮ್ ತೆರೆದರೆ ನಿನ್ನ ಮೇಲ್ ಹಾಗೇ ಬಂದು ನಿಲ್ಲುತ್ತದೆ. ಪಾಸ್‌ವರ್ಡ್ ಸೇವ್ ಆಗಿದ್ದರೆ ಯಾರು ಬೇಕಾದರೂ ಓದಿಕೊಂಡು ಹೋಗಬಹುದು. ನಾನು ದಿನಾ ಅಂಗಡಿ ಮುಚ್ಚುವಾಗ ಎಲ್ಲ ಅಳಿಸುತ್ತೇನೆ, ಎಲ್ಲರೂ ಅಳಿಸುತ್ತಾರೆ ಅಂತ ನಂಬಬೇಡ.

ಇನ್ನು ವಾಟ್ಸಾಪ್ ವೆಬ್ ಕಥೆ ಬೇರೆ. ಮಂದಿ ಕ್ಯೂಆರ್ ಸ್ಕ್ಯಾನ್ ಮಾಡಿ ಪಿಡಿಎಫ್ ತೆಗೆದುಕೊಂಡು ಎದ್ದು ಹೋಗುತ್ತಾರೆ, ಆಮೇಲೆ ಅವರ ಮನೆ ಜಗಳ ಎಲ್ಲ ನನ್ನ ಸ್ಕ್ರೀನ್ ಮೇಲೆ ಟಣ್ ಟಣ್ ಅಂತ ಬರುತ್ತಿರುತ್ತದೆ. ಮೊಬೈಲಿನಲ್ಲಿ ‘ಲಿಂಕ್ಡ್ ಡಿವೈಸಸ್’ ತೆರೆದರೆ ಎಲ್ಲೆಲ್ಲಿ ತೆರೆದಿದೆ ಅಂತ ಗೊತ್ತಾಗುತ್ತದೆ, ಅಲ್ಲಿಂದಲೇ ಲಾಗೌಟ್ ಮಾಡಬಹುದು.

ಸುಮ್ನೆ ಅಂಗಡಿಯಲ್ಲಿ ಲಾಗಿನ್ ಆಗೋದೇ ಬೇಡ. ರೂಮಿನಲ್ಲೇ ಪಿಡಿಎಫ್ ಇಳಿಸಿಕೊಂಡು ಅಂಗಡಿಯ ಮೇಲ್‌ಗೆ ಕಳಿಸು. ತೀರಾ ಅನಿವಾರ್ಯ ಆದರೆ ಕ್ರೋಮ್‌ನ ಇನ್‌ಕಾಗ್ನಿಟೋದಲ್ಲಿ (ಮುಚ್ಚಿದ ಮೇಲೆ ಲಾಗಿನ್ ಉಳಿಯದ ವಿಂಡೋ) ತೆರೆದು, ಏಳುವ ಮುಂಚೆ ಆ ವಿಂಡೋ ಎಲ್ಲ ಮುಚ್ಚಿ ಏಳು. ಹಿಂದೆ ನಿಂತವರು ಗೊಣಗಿದರೆ ಗೊಣಗಲಿ.

ಹಾವೇರಿ ಅಕ್ಕ

ಓಟಿಪಿ ಇದ್ದರೆ ಸಾಕು ಅಂತ ಧೈರ್ಯದಲ್ಲಿ ಇರಬೇಡಿ. ನಮ್ಮ ಕಾಕಾ ಬ್ಯಾಡಗಿಯಲ್ಲಿ ಮೆಣಸಿನಕಾಯಿ ವ್ಯಾಪಾರ ಮಾಡುತ್ತಾರೆ. ಅವರಿಗೆ ವಾಟ್ಸಾಪ್‌ನಲ್ಲಿ ಮದುವೆ ಕಾರ್ಡ್ ಅಂತ ಒಂದು ಫೈಲ್ ಬಂತು, ಹೆಸರಿನ ಕೊನೆಗೆ ಎಪಿಕೆ ಅಂತ ಇತ್ತು. ಮದುವೆ ಸೀಸನ್ ಬೇರೆ, ಯಾರದೋ ಗಿರಾಕಿಯದು ಅಂತ ಒತ್ತಿಬಿಟ್ಟರು. ಅದು ಕಾರ್ಡ್ ಅಲ್ಲ, ಆ್ಯಪ್. ಎಸ್‌ಎಂಎಸ್ ಓದುವ ಅನುಮತಿ ಕೇಳಿತು, ಅದನ್ನೂ ಕೊಟ್ಟರು. ಆಮೇಲೆ ಓಟಿಪಿ ಎಲ್ಲ ಕಳ್ಳನಿಗೂ ಹೋಗುತ್ತಿತ್ತು, ಇವರ ವಾಟ್ಸಾಪ್ ಅವನ ಕೈಗೆ ಹೋಯಿತು, ಅಲ್ಲಿಂದ ಅದೇ ಕಾರ್ಡ್ ಬೀಗರಿಗೆಲ್ಲ ಹೋಯಿತು.

ಮೊದಲು ಫೋನಿನ ನೆಟ್ ಬಂದ್ ಮಾಡಿ ಆ ಆ್ಯಪ್ ತೆಗೆದೆವು, ಆಮೇಲೆ ಫೋನ್ ರೀಸೆಟ್ ಮಾಡಿಸಿದೆವು. ವಾಟ್ಸಾಪ್‌ಗೆ ಮತ್ತೆ ಲಾಗಿನ್ ಆಗಲು ಎಸ್‌ಎಂಎಸ್‌ನಲ್ಲಿ ಬಂದ 6 ಅಂಕಿಯ ಕೋಡ್ ಹಾಕಿದ ಕೂಡಲೇ ಕಳ್ಳ ಹೊರಬಿದ್ದ, ಆದರೆ ಅಷ್ಟರಲ್ಲಿ ಅವನು ಟು-ಸ್ಟೆಪ್ ಪಿನ್ ಇಟ್ಟುಬಿಟ್ಟಿದ್ದ. ಆ ಪಿನ್ ಗೊತ್ತಿಲ್ಲದಿದ್ದರೆ 7 ದಿನ ಕಾಯಬೇಕು. ವ್ಯಾಪಾರದ ಟೈಮಲ್ಲಿ ಒಂದು ವಾರ ವಾಟ್ಸಾಪ್ ಇಲ್ಲದೆ ಕಾಕಾ ಪಟ್ಟ ಪಾಡು ಕೇಳಬೇಡಿ. ಆ ಪಿನ್ ನೀವೇ ಮೊದಲು ಇಟ್ಟುಕೊಂಡಿದ್ದರೆ ಮುಗೀತಿತ್ತು, ಎರಡು ನಿಮಿಷದ ಕೆಲಸ. ಜಿಮೇಲ್‌ಗೆ ಎಸ್‌ಎಂಎಸ್ ಬದಲು ಅಥೆಂಟಿಕೇಟರ್ ಆ್ಯಪ್ (ಫೋನಿನಲ್ಲೇ ಕೋಡ್ ತೋರಿಸುವ ಆ್ಯಪ್) ಅಥವಾ ಪಾಸ್‌ಕೀ (ಪಾಸ್‌ವರ್ಡ್ ಬದಲು ಫೋನಿನ ಬೆರಳಚ್ಚು, ಮುಖ ಅಥವಾ ಲಾಕ್‌ನಿಂದ ಲಾಗಿನ್) ಇಟ್ಟುಕೊಂಡರೆ ಇನ್ನೂ ಒಳ್ಳೆಯದು.

2 ಸಾವಿರ ಹಾಕಿದ ಗೆಳೆಯ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿದನಾ? ಎಷ್ಟು ಬೇಗ ಮಾಡಿದರೆ ಅಷ್ಟು ಒಳ್ಳೆಯದು, ದುಡ್ಡು ಮುಂದೆ ಸಾಗುವ ಮುಂಚೆ ತಡೆಯಬಹುದು.

ರೋಣದ ಹುಡುಗ

ಅವನಿಂದ ಇವತ್ತು 1930ಕ್ಕೆ ಮಾಡಿಸಿದೆ ಅಕ್ಕಾ. ತಡವಾಗಿದೆ, ಆದರೂ ದೂರು ತೆಗೆದುಕೊಂಡರು. ನಾಳೆ ನಾನು ಸೈಬರ್ ಅಪರಾಧ ನೋಡುವ ಸಿಇಎನ್ ಪೊಲೀಸ್ ಠಾಣೆಗೆ ಹೋಗುತ್ತೇನೆ, ಫಿಲ್ಟರ್‌ನ ಸ್ಕ್ರೀನ್‌ಶಾಟ್ ಇಟ್ಟುಕೊಂಡಿದ್ದೇನೆ. ಇನ್‌ಸ್ಟಾ ನಾಲ್ಕು ದಿನದಿಂದ ನನ್ನ ಹತ್ತಿರವೇ ಇದೆ. ಬ್ಯಾಕಪ್ ಕೋಡ್ ಬರೆದು ಟ್ರಂಕಿನಲ್ಲಿ ಇಟ್ಟೆ, ಅವ್ವ ಅಪ್ಪ ಇಬ್ಬರ ವಾಟ್ಸಾಪ್‌ಗೂ ಪಿನ್ ಹಾಕಿಸಿದೆ. ಪಾಸ್‌ಕೀ ಇನ್ನೂ ಇಟ್ಟಿಲ್ಲ, ಭಾನುವಾರ ಪರೀಕ್ಷೆ ಇದೆ, ಮುಗಿಸಿಕೊಂಡು ಬಂದು ಕೇಳುತ್ತೇನೆ.