ಸಹಾಯ ಬೇಕು: ಬಸುರಿಯ ಸಕ್ಕರೆ, ಮಾಸು, ಜೀನ್ ವಿಚಾರ

ಎಲ್ಲರಿಗೂ ನಮಸ್ಕಾರ. ನಾನು ತೀರ್ಥಹಳ್ಳಿ ಕಡೆಯವಳು. ತಂಗಿಗೆ ಈಗ 27 ವಾರ. ಮೊನ್ನೆ 75 ಗ್ರಾಂ ಗ್ಲೂಕೋಸ್ ಕುಡಿಸಿ, ಎರಡು ಗಂಟೆ ಬಿಟ್ಟು ರಕ್ತ ನೋಡಿದರು. 140ರ ಒಳಗೆ ಇರಬೇಕಿತ್ತು, 163 ಬಂತು. ಹೆದರಬೇಡಿ, ಊಟ ಸರಿ ಮಾಡಿಕೊಳ್ಳಿ, ದಿನಾ ನಡೆಯಿರಿ ಅಂದರು ಡಾಕ್ಟರ್. ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ಇವಳು ರಾತ್ರಿಯೆಲ್ಲ ಮೊಬೈಲ್ ನೋಡಿ, "ಸಕ್ಕರೆ ಜಾಸ್ತಿಯಾದರೆ ಮಾಸಿನ ಜೀನ್ ಬದಲಾಗುತ್ತಂತೆ ಅಕ್ಕಾ" ಅಂತ ಅಳುವುದಕ್ಕೆ ಶುರು ಮಾಡಿದಳು.

ನಾನು ಓದಿದ್ದು ಬಿಎಸ್ಸಿ. ತಿಳಿದಷ್ಟು ಹೇಳಿದೆ. ಜೀನ್‌ನ ಅಕ್ಷರಗಳು ಬದಲಾಗುವುದಿಲ್ಲ. ಅವುಗಳ ಮೇಲೆ ಮಿಥೈಲ್ ಅನ್ನೋ ಸಣ್ಣ ಗುರುತುಗಳು ಕೂರುತ್ತವೆ, ಕಳಚುತ್ತವೆ. ಯಾವ ಜೀನ್ ಎಷ್ಟು ಕೆಲಸ ಮಾಡಬೇಕು ಅನ್ನುವುದು ಅದರಿಂದ ಏರುಪೇರಾಗುತ್ತದೆ. ಸಂಶೋಧಕರು ಮಾಸಿನ ಲೆಪ್ಟಿನ್ (ಹಸಿವನ್ನು ಹಿಡಿತದಲ್ಲಿಡೋ ಹಾರ್ಮೋನು) ಜೀನ್‌ನಲ್ಲಿ ಇದನ್ನು ನೋಡಿದ್ದಾರೆ. ತಾಯಿಯ ಸಕ್ಕರೆ ಮಾಸು ದಾಟಿ ಮಗುವಿಗೆ ಹೋಗುತ್ತದೆ, ತಾಯಿಯ ಇನ್ಸುಲಿನ್ ಹೋಗುವುದಿಲ್ಲ. ಇದಕ್ಕಿಂತ ಮುಂದೆ ನನಗೆ ಹೇಳೋಕೆ ಬರಲಿಲ್ಲ. ಅಮ್ಮ ಬೇರೆ, "ಹಿತ್ತಲಲ್ಲಿ ಹೂಳೋ ಮಾಸಿಗೆ ಇಷ್ಟೆಲ್ಲಾ ಓದಾ?" ಅಂತ ನಗುತ್ತಾರೆ.

ಗುಂಪಿನಲ್ಲಿ ಡಾಕ್ಟರೋ ಬಯೋಕೆಮಿಸ್ಟ್ರಿ ಓದಿದವರೋ ಇದ್ದರೆ ದಯವಿಟ್ಟು ಹೇಳಿ. ಇನ್ನು ಮುಂದೆ ಸಕ್ಕರೆ ಹಿಡಿತಕ್ಕೆ ಬಂದರೆ ಆ ಗುರುತುಗಳೂ ಸರಿಹೋಗುತ್ತವಾ? ಕನ್ನಡದಲ್ಲಿ ಒಂದು ವಾಯ್ಸ್ ಮೆಸೇಜ್ ಕಳಿಸಿದರೂ ಸಾಕು, ಅವಳಿಗೇ ಕೇಳಿಸುತ್ತೇನೆ.

ಇನ್ನೊಂದು. ಬೆಳಗ್ಗೆ ನಾಲ್ಕು ಕಡುಬು ತಿನ್ನುತ್ತಿದ್ದವಳು, ಈಗ ಒಂದನ್ನು ತಟ್ಟೆಯಲ್ಲಿಟ್ಟು ನೋಡುತ್ತಾ ಕೂರುತ್ತಾಳೆ. ಇದನ್ನು ದಾಟಿ ಬಂದವರು ತಿಂಡಿಗೆ ಏನು ಮಾಡಿದಿರಿ? ಸುಮ್ನೆ ರಾಗಿ ಅನ್ನಬೇಡಿ, ಅವಳು ಮುಟ್ಟಲ್ಲ.